ಜೊಂಡಿನ ಶಿಲುಬೆ, ಮಕ್ಕಳ ಕೈ: ಬ್ರಿಜಿಡ್ ಹಬ್ಬದ ಒಂದು ಕೈಕೆಲಸ

(ಐರ್ಲೆಂಡಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ತಂದೆತಾಯಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಜನವರಿ ತಿಂಗಳ ಕೊನೆಯ ವಾರದಲ್ಲಿ ಇಲ್ಲಿಯ ಪ್ರಾಥಮಿಕ ಶಾಲೆಗಳಿಂದ ಮಕ್ಕಳು ಮನೆಗೆ ತರುವ ಒಂದು ವಸ್ತು ನಿಮಗೆಲ್ಲ ಪರಿಚಿತವಾಗಿರಬೇಕು. ನಡುವೆ ಚೌಕಾಕಾರದ ನೇಯ್ಗೆ, ಅದರಿಂದ ನಾಲ್ಕು ದಿಕ್ಕಿಗೆ ಹೊರಟ ನಾಲ್ಕು ತೋಳುಗಳು, ತೋಳುಗಳ ತುದಿಯಲ್ಲಿ ನಾಲ್ಕು ಗಂಟುಗಳು. ಕೆಲವು ಮಕ್ಕಳು ಅದನ್ನು ನಿಜವಾದ ಜೊಂಡಿನಲ್ಲಿ ಹೆಣೆದಿರುತ್ತಾರೆ, ಹೆಚ್ಚಿನವರು ಬಣ್ಣಬಣ್ಣದ ಪೈಪ್ ಕ್ಲೀನರ್‌ಗಳಲ್ಲಿ ಮಾಡಿರುತ್ತಾರೆ. ಇದು ಸಂತ ಬ್ರಿಜಿಡಳ ಶಿಲುಬೆ. ಫೆಬ್ರವರಿ 1 ಆಕೆಯ ಹಬ್ಬ, ಐರಿಷ್ ಲೆಕ್ಕದಲ್ಲಿ ವಸಂತದ ಮೊದಲ ದಿನ. 2023ರಿಂದ ಈ ಹಬ್ಬದ ಹೆಸರಿನಲ್ಲಿ ಸಾರ್ವಜನಿಕ ರಜೆಯೂ ಸಿಗುತ್ತಿರುವುದರಿಂದ, ಶಿಲುಬೆಯ ಪರಿಚಯ ಇಲ್ಲದವರಿಗೂ ರಜೆಯ ಪರಿಚಯವಂತೂ ಇದ್ದೇ ಇದೆ.

ಮಕ್ಕಳಿಗೆ ಐರಿಷ್ ಜಾನಪದವನ್ನು ಕೈಕೆಲಸದ ಮೂಲಕ ಪರಿಚಯಿಸುವ ಪ್ರಯತ್ನಗಳು ಇಲ್ಲಿ ಧಾರಾಳವಾಗಿ ನಡೆಯುತ್ತವೆ. ಮಲತಾಯಿಯ ಶಾಪದಿಂದ ಹಂಸಗಳಾಗಿ ಒಂಬೈನೂರು ವರ್ಷ ನೀರಿನ ಮೇಲೆ ಕಳೆದ ಲಿರ್ ದೊರೆಯ ನಾಲ್ವರು ಮಕ್ಕಳ ಕಥೆಯನ್ನು ಹೇಳಿ ಕಾಗದದ ಹಂಸ ಮಾಡಿಸುತ್ತಾರೆ. ಮರದ ಬುಡಕ್ಕೆ ಅಂಗೈ ಅಗಲದ ಬಾಗಿಲು ಅಂಟಿಸಿ ಅದು ಯಕ್ಷಿಣಿಯರ ಮನೆ ಎನ್ನುತ್ತಾರೆ. ಮಾರ್ಚ್ ಬಂತೆಂದರೆ ಲೆಪ್ರಕಾನ್ ಎಂಬ ಕುಳ್ಳನನ್ನು ಹಿಡಿಯಲು ಶೂ ಡಬ್ಬಿಯಲ್ಲಿ ಬೋನು ಕಟ್ಟಿಸುವ ಚಿತ್ರಗಳು ಎಲ್ಲೆಡೆ ಹರಿದಾಡುತ್ತವೆ. ಈ ಬೋನಿನ ಪದ್ಧತಿ ಅಮೆರಿಕದ ಶಾಲೆಗಳಲ್ಲಿ ಬೆಳೆದದ್ದು. ಐರಿಷ್ ಕಥೆಗಳಲ್ಲಿ ಲೆಪ್ರಕಾನ್ ಒಬ್ಬ ಚಮ್ಮಾರ. ಅವನನ್ನು ಹಿಡಿಯುವುದಕ್ಕೆ ಬೋನು ಬೇಕಿಲ್ಲ, ಅವನ ಮೇಲಿನ ಕಣ್ಣು ಕದಲಿಸದಿದ್ದರೆ ಸಾಕು. ಕಣ್ಣು ಒಂದು ಕ್ಷಣ ಅತ್ತ ಸರಿದರೆ ಅವನು ಮಾಯ. ಒಬ್ಬ ರೈತ ಅವನನ್ನು ಹಿಡಿದು, ಹೊನ್ನು ಹೂತಿರುವ ಗಿಡವನ್ನು ತೋರಿಸಿಕೊಂಡು, ಗುರುತಿಗೆ ಕೆಂಪು ಪಟ್ಟಿ ಕಟ್ಟಿ ಗುದ್ದಲಿ ತರಲು ಓಡಿದನಂತೆ. ಬರುವಷ್ಟರಲ್ಲಿ ಹೊಲದ ಪ್ರತಿಯೊಂದು ಗಿಡಕ್ಕೂ ಅಂಥದ್ದೇ ಕೆಂಪು ಪಟ್ಟಿ ಇತ್ತು. ಪಟ್ಟಿಯನ್ನು ಬಿಚ್ಚುವುದಿಲ್ಲವೆಂದು ಮಾತು ಕೊಟ್ಟಿದ್ದ ಕುಳ್ಳ ಮಾತು ತಪ್ಪಿರಲಿಲ್ಲ. ಇಷ್ಟು ಚೆಂದದ ಕಥೆಯನ್ನು ಬಿಟ್ಟು ಡಬ್ಬಿಗೆ ಹಸಿರು ಬಣ್ಣ ಬಳಿಯುವುದರಲ್ಲಿ ಮಧ್ಯಾಹ್ನ ಕಳೆಯುವುದು ನನಗೆ ನಷ್ಟವೆಂದೇ ಕಾಣುತ್ತದೆ.

ಕಾಗದದ ಹಂಸವಾಗಲಿ ಮರದ ಬುಡದ ಬಾಗಿಲಾಗಲಿ ಕಥೆಯೊಂದಕ್ಕೆ ಬಿಡಿಸಿದ ಚಿತ್ರವಿದ್ದಂತೆ. ಕಥೆ ಹಳೆಯದು, ಕೈಕೆಲಸ ಇಂದಿನದು, ಅವೆರಡನ್ನು ಜೋಡಿಸಿದವರು ಶಿಕ್ಷಕರು. ಬ್ರಿಜಿಡಳ ಶಿಲುಬೆಯ ವಿಷಯ ಹೀಗಲ್ಲ. ಅಲ್ಲಿ ಹೆಣೆಯುವ ಕ್ರಿಯೆಯೇ ಜಾನಪದ, ಕಥೆ ಅದರ ಜೊತೆಗೆ ಬಂದದ್ದು. ಆದ್ದರಿಂದ ಅದನ್ನು ಮಕ್ಕಳಿಗೆ ಕಲಿಸುವ ಕ್ರಮವೂ ಬೇರೆಯಾಗಬೇಕು, ಕಡ್ಡಿಯನ್ನು ತರುವುದರಿಂದ ಹಿಡಿದು ಬಾಗಿಲಿಗೆ ಕಟ್ಟುವವರೆಗಿನ ಇಡೀ ಸಂಜೆಯನ್ನು ಅವರಿಗೆ ಕೊಡಬೇಕು ಎಂಬುದು ಈ ಹೊತ್ತು ನಾನು ಹೇಳಬೇಕೆಂದಿರುವ ವಿಚಾರ.

ಮೊದಲು ಬ್ರಿಜಿಡಳ ಬಗ್ಗೆ ಸ್ವಲ್ಪ ಹೇಳಬೇಕು. ಐದನೆಯ ಶತಮಾನದ ನಡುಭಾಗದಲ್ಲಿ ಹುಟ್ಟಿ 525ರ ಸುಮಾರಿಗೆ ತೀರಿಕೊಂಡಳೆಂದು ಸಂಪ್ರದಾಯ ಹೇಳುವ ಈಕೆ ಕಿಲ್ಡೇರ್‌ನಲ್ಲಿ ಮಠವನ್ನು ಸ್ಥಾಪಿಸಿದವಳು, ಪ್ಯಾಟ್ರಿಕ್ ಮತ್ತು ಕೊಲಂಬರ ಜೊತೆಗೆ ಐರ್ಲೆಂಡಿನ ಮೂವರು ಪಾಲಕ ಸಂತರಲ್ಲಿ ಒಬ್ಬಳು. ಅದೇ ಹೆಸರಿನ ಹಳೆಯ ದೇವತೆಯೂ ಇದ್ದಳು. ಸುಮಾರು 900ರ ಹೊತ್ತಿಗೆ ಸಂಕಲನಗೊಂಡ ಒಂದು ಐರಿಷ್ ಪದಕೋಶವು ಆಕೆಯನ್ನು ದಾಗ್ದ ದೇವರ ಮಗಳು, ಕವಿಗಳು ಆರಾಧಿಸುತ್ತಿದ್ದವಳು ಎಂದು ಬಣ್ಣಿಸಿ, ಅದೇ ಹೆಸರಿನ ಇಬ್ಬರು ಸೋದರಿಯರು ವೈದ್ಯಕ್ಕೂ ಕಮ್ಮಾರಿಕೆಗೂ ಸೇರಿದವರು ಎನ್ನುತ್ತದೆ. ದೇವತೆಯೇ ಸಂತಳಾದಳೋ, ಸಂತಳ ಸುತ್ತ ದೇವತೆಯ ಕಥೆಗಳು ಹಬ್ಬಿದವೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ನಡೆದಿದೆ. ಮಕ್ಕಳ ಮುಂದೆ ಅದನ್ನು ಇತ್ಯರ್ಥ ಮಾಡುವ ಅವಸರ ನಮಗೇಕೆ? ಏಳನೆಯ ಶತಮಾನದಲ್ಲಿ ಕೊಗಿಟೋಸಸ್ ಎಂಬ ಸನ್ಯಾಸಿ ಬರೆದ ಆಕೆಯ ಚರಿತ್ರೆಯಲ್ಲಿ, ಮಳೆಯಲ್ಲಿ ತೊಯ್ದು ಬಂದ ಬ್ರಿಜಿಡ್ ತನ್ನ ಬಟ್ಟೆಯನ್ನು ಬಿಸಿಲಕೋಲಿನ ಮೇಲೆ ಒಣಹಾಕುತ್ತಾಳೆ. ಜನವರಿಯ ಐರ್ಲೆಂಡಿನಲ್ಲಿ ಬಟ್ಟೆ ಒಣಗಿಸಿ ಬಲ್ಲವರಿಗೆ ಅದು ಎಂಥ ಪವಾಡವೆಂದು ವಿವರಿಸಬೇಕಾಗಿಲ್ಲ.

ಅದೇ ಚರಿತ್ರೆಯಲ್ಲಿ ಜೊಂಡಿನ ಶಿಲುಬೆಯ ಪ್ರಸ್ತಾಪ ಎಲ್ಲಿಯೂ ಇಲ್ಲ. ಇಂದು ಶಾಲೆಗಳಲ್ಲಿ ಹೇಳುವ ಕಥೆ ಹೀಗಿದೆ: ಕ್ರೈಸ್ತನಲ್ಲದ ಒಬ್ಬ ಪಾಳೆಯಗಾರ ಮರಣಶಯ್ಯೆಯಲ್ಲಿ ಕನವರಿಸುತ್ತಿದ್ದ. ಹತ್ತಿರ ಕುಳಿತ ಬ್ರಿಜಿಡ್ ನೆಲಕ್ಕೆ ಹಾಸಿದ್ದ ಜೊಂಡಿನ ಕೆಲವು ಕಡ್ಡಿಗಳನ್ನು ಎತ್ತಿಕೊಂಡು ಹೆಣೆಯತೊಡಗಿದಳು. ಏನು ಮಾಡುತ್ತಿದ್ದೀಯೆಂದು ಅವನು ಕೇಳಿದ, ಅವಳು ಶಿಲುಬೆಯ ಅರ್ಥವನ್ನು ಹೇಳಿದಳು, ಅವನು ಸಾಯುವ ಮುನ್ನ ದೀಕ್ಷೆ ಪಡೆದ. ಇದು ಒಳ್ಳೆಯ ಕಥೆಯೇ. ಆದರೆ ಶಿಲುಬೆಯನ್ನು ಏಕೆ ಮಾಡುತ್ತಿದ್ದರು ಎಂಬುದಕ್ಕೆ ಹಳ್ಳಿಯ ಮನೆಗಳು ಕೊಡುತ್ತಿದ್ದ ಉತ್ತರ ಪಾಳೆಯಗಾರನದಲ್ಲ. ಹುಲ್ಲಿನ ಮಾಡು, ಒಳಗೆ ತೆರೆದ ಒಲೆ, ಪಕ್ಕದಲ್ಲಿ ದನದ ಕೊಟ್ಟಿಗೆ ಇರುವ ಮನೆಗೆ ಬೆಂಕಿಯ ಭಯ ಸದಾ ಇರುತ್ತದೆ. ಚಳಿಗಾಲದ ನಡುವೆ ಆಲೂಗಡ್ಡೆಯ ರಾಶಿಯೂ ಒಣಹುಲ್ಲಿನ ಬಣವೆಯೂ ಅರ್ಧವಾದರೂ ಉಳಿದಿದೆಯೇ ಎಂದು ರೈತ ಅಳೆದು ನೋಡುತ್ತಿದ್ದುದು ಈ ಹಬ್ಬದ ಹೊತ್ತಿನಲ್ಲೇ. ಹಸುಗಳು ಕರು ಹಾಕಬೇಕು, ಹಾಲು ಮರಳಬೇಕು. ಬೆಂಕಿ, ಹಸಿವು, ದನಕರುಗಳ ರೋಗ ಇವುಗಳಿಂದ ಮನೆಯನ್ನು ಕಾಯಲೆಂದು ಶಿಲುಬೆಯನ್ನು ಬಾಗಿಲ ಮೇಲೆ, ಸೂರಿನೊಳಗೆ, ಕೊಟ್ಟಿಗೆಯಲ್ಲಿ ಸಿಕ್ಕಿಸುತ್ತಿದ್ದರು. ನಮ್ಮ ಬಾಗಿಲಿನ ಮಾವಿನ ತೋರಣವನ್ನು ನೋಡಿ ಬೆಳೆದ ಮಕ್ಕಳಿಗೆ ಈ ಭಾವ ಅರ್ಥವಾಗುವುದು ಸುಲಭ. ತೋರಣ ಒಣಗಿದ ಮೇಲೆ ನಾವು ತೆಗೆದುಹಾಕುತ್ತೇವೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಹಳೆಯ ಶಿಲುಬೆಯನ್ನು ತೆಗೆಯುತ್ತಿರಲಿಲ್ಲ, ವರ್ಷಕ್ಕೊಂದರಂತೆ ಅವು ಸೂರಿನಲ್ಲಿ ಹೊಗೆ ಹಿಡಿದು ಕಪ್ಪಾಗಿ ಕೂಡುತ್ತಾ ಹೋಗುತ್ತಿದ್ದವು.

ಜನವರಿ 31ರ ಸಂಜೆಯ ಆಚರಣೆ ಊರಿಂದೂರಿಗೆ ಬೇರೆಯಾಗಿತ್ತು. ಅಲ್ಸ್ಟರ್ ಪ್ರಾಂತ್ಯದ, ಅಂದರೆ ಉತ್ತರದ, ಕ್ರಮ ನನಗೆ ಬಹಳ ಇಷ್ಟವಾದದ್ದರಿಂದ ಅದನ್ನೇ ವಿವರಿಸುತ್ತೇನೆ. ಹಗಲಿನಲ್ಲಿ ಜೌಗುಗದ್ದೆಯಿಂದ ಜೊಂಡನ್ನು ತಂದು ಮನೆಯ ಹೊರಗೆ ಇಡುತ್ತಿದ್ದರು. ಅದನ್ನು ಕತ್ತಿಯಿಂದ ಕೊಯ್ಯದೆ ಕೈಯಿಂದ ಕೀಳಬೇಕೆಂಬುದು ನಿಯಮ. ಕತ್ತಲಾದ ಮೇಲೆ ಮನೆಯ ಒಬ್ಬ ಹುಡುಗಿ ಬ್ರಿಜಿಡಳಾಗಿ ಹೊರಗೆ ಹೋಗಿ, ಜೊಂಡಿನ ಕಂತೆಯನ್ನು ಎತ್ತಿಕೊಂಡು ಬಾಗಿಲು ತಟ್ಟುತ್ತಿದ್ದಳು. ಮೊಣಕಾಲೂರಿ, ಕಣ್ಣು ತೆರೆಯಿರಿ, ಬ್ರಿಜಿಡಳನ್ನು ಒಳಕ್ಕೆ ಬಿಡಿ ಎಂಬ ಅರ್ಥದ ಮಾತನ್ನು ಅವಳು ಹೇಳುತ್ತಿದ್ದಳು, ಒಳಗಿನವರೆಲ್ಲ ಆಕೆಗೆ ಸ್ವಾಗತ ಎಂದು ಉತ್ತರಿಸುತ್ತಿದ್ದರು. ಮೂರು ಬಾರಿ ಹೀಗೆ ಕೇಳಿ ಹೇಳಿದ ಮೇಲೆ ಬಾಗಿಲು ತೆರೆಯುತ್ತಿತ್ತು. ಕಂತೆಯನ್ನು ಮೇಜಿನ ಕೆಳಗೆ ಇಟ್ಟು, ಹಿಸುಕಿದ ಆಲೂಗಡ್ಡೆಗೆ ಧಾರಾಳವಾಗಿ ಬೆಣ್ಣೆ ಹಾಕಿ ಎಲ್ಲರೂ ಊಟ ಮಾಡಿದ ಮೇಲೆ ಹೆಣೆಯುವ ಕೆಲಸ ಆರಂಭವಾಗುತ್ತಿತ್ತು. ಹಿರಿಯರು ಹೆಣೆಯುತ್ತಿದ್ದರು, ಕಿರಿಯರು ಕಡ್ಡಿಗಳನ್ನು ಆಯ್ದುಕೊಡುತ್ತಾ ನೋಡಿ ಕಲಿಯುತ್ತಿದ್ದರು. ಮಲಗುವ ಮುನ್ನ ಒಂದು ತುಂಡು ಬಟ್ಟೆಯನ್ನು ಹೊರಗೆ ಬೇಲಿಯ ಮೇಲೋ ಕಿಟಕಿಯ ಮೇಲೋ ಹಾಕಿಡುತ್ತಿದ್ದರು. ರಾತ್ರಿ ಊರೂರು ಸಂಚರಿಸುವ ಬ್ರಿಜಿಡ್ ಅದನ್ನು ಮುಟ್ಟಿ ಹೋಗುತ್ತಾಳೆ, ಅನಂತರ ಆ ಬಟ್ಟೆಯನ್ನು ಹಣೆಗೆ ಕಟ್ಟಿಕೊಂಡರೆ ತಲೆನೋವು ನಿಲ್ಲುತ್ತದೆ ಎಂಬ ನಂಬಿಕೆ ಇತ್ತು.

ಬಾಗಿಲು ತಟ್ಟುವ ಈ ಭಾಗವನ್ನು ಶಾಲೆಯ ಕೈಕೆಲಸದಲ್ಲಿ ಬಿಟ್ಟುಬಿಡುವುದು ನನಗೆ ಅರ್ಥವಾಗದ ಸಂಗತಿ. ಇದಕ್ಕೆ ಖರ್ಚಿಲ್ಲ, ಅಂಟು ಬೇಡ, ಕತ್ತರಿ ಬೇಡ. ಬ್ರಿಜಿಡಳಾಗುವ ಮಗು ಹೊರಗಿನ ಚಳಿಯಲ್ಲಿ ನಿಂತು ತಟ್ಟುತ್ತದೆ, ಒಳಗಿನ ಮಕ್ಕಳು ಉಸಿರು ಬಿಗಿಹಿಡಿದು ಕಾಯುತ್ತಾರೆ, ಮೂರನೆಯ ಬಾರಿಗೆ ಉತ್ತರ ಕೂಗಿಗೆ ತಿರುಗಿರುತ್ತದೆ. ಜೊಂಡು ಒಳಗೆ ಬಂದ ಮೇಲೆ ಅದನ್ನು ಮುಟ್ಟುವ ಕೈಗಳಲ್ಲಿ ಒಂದು ಗಂಭೀರತೆ ಬರುತ್ತದೆ. ಪೊಟ್ಟಣ ಬಿಚ್ಚಿ ಹಂಚಿದ ಪೈಪ್ ಕ್ಲೀನರಿಗೆ ಅದು ಬರುವುದಿಲ್ಲ.

ಇನ್ನು ವಸ್ತುವಿನ ವಿಚಾರ. ಇಲ್ಲಿ ಜೊಂಡು ಎಂದು ನಾನು ಕರೆಯುತ್ತಿರುವುದು ಸಸ್ಯಶಾಸ್ತ್ರಜ್ಞರು ಜಂಕಸ್ ಎಫ್ಯೂಸಸ್ ಎನ್ನುವ ಗಿಡವನ್ನು. ನೀರು ಬಸಿಯದ ಹೊಲಗಳಲ್ಲಿ ಗುಂಪುಗುಂಪಾಗಿ ಬೆಳೆಯುವ, ಗಣ್ಣಿಲ್ಲದ, ಉರುಟಾದ, ನುಣುಪಾದ ಹಸಿರು ಕಡ್ಡಿ ಅದು. ರೈತರಿಗೆ ಅದೊಂದು ಕಳೆ. ಒಳಗೆ ಬಿಳಿಯ, ಮೆತ್ತನೆಯ ತಿರುಳಿದೆ. ಬಡವರ ಮನೆಗಳಲ್ಲಿ ಸಿಪ್ಪೆ ಸುಲಿದು, ಈ ತಿರುಳನ್ನು ಕರಗಿಸಿದ ಪ್ರಾಣಿಕೊಬ್ಬಿನಲ್ಲಿ ಅದ್ದಿ ದೀಪವಾಗಿ ಉರಿಸುತ್ತಿದ್ದರು. ಮಕ್ಕಳಿಗೆ ಒಂದು ಕಡ್ಡಿಯನ್ನು ಸೀಳಿ ತಿರುಳನ್ನು ತೋರಿಸಿ, ಕಡ್ಡಿ ಮಡಿಸಿದರೆ ಮುರಿಯದೆ ಬಾಗುವುದು ಏಕೆ ಎಂದು ಕೇಳಿ ನೋಡಿ, ಉತ್ತರವನ್ನು ಅವರೇ ಬೆರಳಿನಿಂದ ಒತ್ತಿ ಕಂಡುಕೊಳ್ಳುತ್ತಾರೆ. ಕಿತ್ತ ಜೊಂಡನ್ನು ಒದ್ದೆ ಟವೆಲಿನಲ್ಲಿ ಸುತ್ತಿಟ್ಟರೆ ಒಂದೆರಡು ದಿನ ಬಾಗುವ ಗುಣ ಉಳಿಯುತ್ತದೆ, ಹೀಟರಿನ ಬಳಿ ಇಟ್ಟರೆ ಬೇಗ ಒಣಗಿ ಸೀಳುತ್ತದೆ. ಜೌಗುನೆಲದಲ್ಲಿ ಗುಂಡಿಗಳಿರುವುದರಿಂದ ಕೀಳುವಾಗ ದೊಡ್ಡವರು ಜೊತೆಗಿರಬೇಕು, ಹೊಲದ ಮಾಲೀಕರನ್ನು ಕೇಳಿಯೇ ಒಳಗೆ ಹೋಗಬೇಕು. ಕಳೆ ಎಂದ ಮೇಲೆ ಅವರು ಬೇಡವೆನ್ನುವುದು ಅಪರೂಪ.

ಹೆಣೆಯುವ ವಿಧಾನ ಹೇಳಲು ಸುಲಭ, ಮೊದಲ ಐದು ನಿಮಿಷ ಮಾಡಲು ಕಷ್ಟ. ಒಂದು ಕಡ್ಡಿಯನ್ನು ನೆಟ್ಟಗೆ ಹಿಡಿಯಬೇಕು. ಎರಡನೆಯದನ್ನು ಸರಿಯಾಗಿ ಅರ್ಧಕ್ಕೆ ಮಡಿಸಿ, ಮೊದಲನೆಯದರ ನಡುವನ್ನು ತಬ್ಬಿಕೊಳ್ಳುವಂತೆ ಹಾಕಿ, ಅದರ ಎರಡೂ ತುದಿಗಳು ಬಲಕ್ಕೆ ಬರುವಂತೆ ಎಳೆಯಬೇಕು. ಈಗ ಇಡೀ ಹೆಣಿಗೆಯನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಕಾಲು ಸುತ್ತು ತಿರುಗಿಸಿದರೆ ಬಲಕ್ಕಿದ್ದ ತುದಿಗಳು ಮೇಲಕ್ಕೆ ಬರುತ್ತವೆ. ಮೂರನೆಯ ಕಡ್ಡಿಯನ್ನು ಮಡಿಸಿ, ಮೇಲಕ್ಕೆ ನಿಂತಿರುವ ಆ ತುದಿಗಳನ್ನು ತಬ್ಬುವಂತೆ ಹಾಕಿ ಮತ್ತೆ ಬಲಕ್ಕೆ ಎಳೆಯಬೇಕು. ಮತ್ತೆ ಕಾಲು ಸುತ್ತು, ಮತ್ತೊಂದು ಕಡ್ಡಿ. ಹೊಸದಾಗಿ ಬರುವ ಕಡ್ಡಿ ಪ್ರತಿ ಬಾರಿಯೂ ಆಗ ಮೇಲಕ್ಕಿರುವ ತೋಳನ್ನು ಸಂಪೂರ್ಣವಾಗಿ ಸುತ್ತಿಕೊಳ್ಳಬೇಕು, ಹಿಂದಿನದಕ್ಕೆ ಒತ್ತಿಕೊಂಡು ಕೂರಬೇಕು. ಎಡಗೈಯ ಹೆಬ್ಬೆರಳು ನಡುವಿನ ಚೌಕವನ್ನು ಬಿಡಲೇಕೂಡದು. ಇಪ್ಪತ್ತರಿಂದ ಮೂವತ್ತು ಕಡ್ಡಿಗಳು ಸೇರುವ ಹೊತ್ತಿಗೆ ನಡುವೆ ದಪ್ಪನೆಯ, ಅಂಚುಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಚೌಕ ಮೂಡಿರುತ್ತದೆ. ಕೊನೆಯಲ್ಲಿ ನಾಲ್ಕೂ ತೋಳುಗಳನ್ನು ದಾರದಿಂದ ಕಟ್ಟಿ ತುದಿಗಳನ್ನು ಸಮನಾಗಿ ಕತ್ತರಿಸುವುದು. ಜೊಂಡು ಒಣಗುವಾಗ ತೆಳ್ಳಗಾಗುವುದರಿಂದ ಗಂಟು ಸಡಿಲವಾಗುತ್ತದೆ, ಒಂದು ವಾರದ ನಂತರ ಇನ್ನೊಮ್ಮೆ ಬಿಗಿಯಬೇಕಾಗುತ್ತದೆ. ಹಸಿರು ಹೋಗಿ ಹೊಂಬಣ್ಣ ಬರುವುದು ಆ ದಿನಗಳಲ್ಲೇ.

ನಾನು ಕಂಡಂತೆ ಮಕ್ಕಳು ಎಡವುವ ಜಾಗ ಒಂದೇ: ಪಕ್ಕದವರೊಡನೆ ಮಾತಾಡುತ್ತಾ ತಿರುಗಿಸುವ ದಿಕ್ಕನ್ನು ನಡುವೆ ಬದಲಿಸುವುದು. ದಿಕ್ಕು ತಪ್ಪಿದ ಕೂಡಲೇ ಒಂದು ತೋಳು ದಪ್ಪವಾಗಿ ಇನ್ನೊಂದು ಬಡವಾಗುತ್ತದೆ. ಬಿಚ್ಚಿ ನೋಡಿದರೆ ತಪ್ಪಿದ ಮಡಿಕೆ ಯಾವುದೆಂದು ಮಗುವಿಗೇ ಕಾಣುತ್ತದೆ, ದೊಡ್ಡವರು ಕೈ ಹಾಕದಿರುವುದು ಉತ್ತಮ. ಎಡಗೈ ಬಳಸುವ ಮಗು ಎಡಕ್ಕೆ ಎಳೆದು ಗಡಿಯಾರದ ದಿಕ್ಕಿನಲ್ಲಿ ತಿರುಗಿಸಿದರೆ ಕನ್ನಡಿಯಲ್ಲಿ ಕಂಡಂಥ ಶಿಲುಬೆ ಬರುತ್ತದೆ. ಅದೂ ಸರಿಯೇ, ಅದನ್ನು ತಿದ್ದಬಾರದು. ಇವೆರಡನ್ನು ಅಕ್ಕಪಕ್ಕ ಇಟ್ಟರೆ ಹತ್ತು ಹನ್ನೊಂದು ವಯಸ್ಸಿನವರಿಗೆ ಸಮ್ಮಿತಿಯ ಪಾಠವೊಂದು ಸಿಗುತ್ತದೆ: ಕಾಲು ಸುತ್ತು ತಿರುಗಿಸಿದರೆ ಬದಲಾಗದ ಆಕೃತಿ ಕನ್ನಡಿಯಲ್ಲಿ ಬದಲಾಗುತ್ತದೆ. ತೋಳುಗಳು ನಡುವಿನಿಂದ ತುಸು ಪಕ್ಕಕ್ಕೆ ಸರಿದಿರುವುದರಿಂದ ನಮ್ಮಲ್ಲಿ ಅನೇಕರಿಗೆ ಕೂಡಲೇ ಸ್ವಸ್ತಿಕದ ನೆನಪಾಗುತ್ತದೆ. ಈ ಸರಿತ ಮಡಿಸಿ ತಿರುಗಿಸುವ ವಿಧಾನದಿಂದಲೇ ಹುಟ್ಟುವಂಥದ್ದು. ಹೋಲಿಕೆಯಿಂದ ಸಂಬಂಧವನ್ನು ಊಹಿಸಿಕೊಂಡು ಇಲ್ಲಿಯವರಿಗೆ ಉಪದೇಶ ಮಾಡಲು ಹೋಗಬೇಡಿ. ಯೂರೋಪಿನಲ್ಲಿ ಆ ಚಿಹ್ನೆಗೆ ಅಂಟಿರುವ ಇತಿಹಾಸ ನಿಮಗೆ ತಿಳಿದೇ ಇದೆ.

ಶಿಲುಬೆಯ ಈ ಒಂದೇ ರೂಪ ಪ್ರಸಿದ್ಧವಾಗಿದ್ದಕ್ಕೆ ದೂರದರ್ಶನವೂ ಕಾರಣ. 1961ರ ಡಿಸೆಂಬರ್ 31ರಂದು ಪ್ರಸಾರ ಆರಂಭಿಸಿದ ಐರಿಷ್ ದೂರದರ್ಶನ ಇದನ್ನೇ ತನ್ನ ಲಾಂಛನದಲ್ಲಿ ದಶಕಗಳ ಕಾಲ ಬಳಸಿತು. ಆದರೆ ಮೇಯೋ ಕೌಂಟಿಯ ಟರ್ಲೋದಲ್ಲಿರುವ ಗ್ರಾಮೀಣ ಬದುಕಿನ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋದರೆ ರೂಪಗಳ ವೈವಿಧ್ಯ ಕಾಣುತ್ತದೆ. ಮೂರು ತೋಳಿನವು, ಎರಡು ಕಡ್ಡಿಗಳ ಅಡ್ಡಪಟ್ಟಿಗೆ ಹುಲ್ಲನ್ನು ಸುತ್ತಿ ಸುತ್ತಿ ವಜ್ರಾಕಾರ ತಂದವು, ಅಂಥ ಹಲವು ವಜ್ರಗಳನ್ನು ಒಂದರ ಪಕ್ಕ ಒಂದು ಪೋಣಿಸಿದವು, ಬರೀ ಅಡ್ಡ ನೇರ ಹೆಣಿಗೆಯವು ಹೀಗೆ ಊರಿಗೊಂದು ಬಗೆ. ಒಂದೇ ಮಾದರಿಯನ್ನು ಮೂವತ್ತು ಮಕ್ಕಳಿಂದ ಮಾಡಿಸಿ ಗೋಡೆಗೆ ಅಂಟಿಸುವುದಕ್ಕಿಂತ ನಾಲ್ಕೈದು ಬಗೆಗಳನ್ನು ನಾಲ್ಕೈದು ಗುಂಪುಗಳಿಗೆ ಹಂಚುವುದು ಆ ಪರಂಪರೆಗೆ ಹೆಚ್ಚು ಹತ್ತಿರದ ಕೆಲಸ.

ಈ ವಿವರಗಳು ನಮ್ಮವರೆಗೆ ಬಂದುದರಲ್ಲಿ ಮಕ್ಕಳ ಪಾತ್ರ ದೊಡ್ಡದು. 1935ರಲ್ಲಿ ಸ್ಥಾಪನೆಯಾದ ಐರಿಷ್ ಜಾನಪದ ಆಯೋಗವು 1937ರಿಂದ 1939ರವರೆಗೆ ದೇಶದ ಸುಮಾರು ಐದು ಸಾವಿರ ಪ್ರಾಥಮಿಕ ಶಾಲೆಗಳ ಮೇಲಿನ ತರಗತಿಗಳ ಮಕ್ಕಳಿಗೆ ಒಂದು ಕೆಲಸ ಒಪ್ಪಿಸಿತು. ಆಯೋಗದ ನಿರ್ದೇಶಕರಾಗಿದ್ದವರು ಷೇಮಸ್ ಓ ಡುಲಾರ್ಗ. ವಾರದ ಪ್ರಬಂಧದ ತರಗತಿಯ ಬದಲಿಗೆ ಮಕ್ಕಳು ತಮ್ಮ ಮನೆಯ, ಬೀದಿಯ ಹಿರಿಯರನ್ನು ಕೇಳಿ ಒಂದೊಂದು ವಿಷಯದ ಮೇಲೆ ಬರೆದು ತರಬೇಕಾಗಿತ್ತು: ಹಬ್ಬದ ಆಚರಣೆ, ಮನೆಮದ್ದು, ಹಳೆಯ ಕಸುಬು, ಮನೆಯಲ್ಲೇ ಮಾಡುವ ಆಟಿಕೆ, ಲೆಪ್ರಕಾನ್. ಐವತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಬರೆದದ್ದೆಲ್ಲ ಸೇರಿ ಏಳು ಲಕ್ಷ ನಲವತ್ತು ಸಾವಿರದಷ್ಟು ಪುಟಗಳಾದವು. ಇಂದು ಅವು ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿವೆ, ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದು. ನಿಮ್ಮ ಮಗುವಿನ ಶಾಲೆ ಹಳೆಯದಾಗಿದ್ದರೆ ಅದೇ ಊರಿನ ಮಕ್ಕಳು ಆಗ ದುಂಡಗೆ ಬರೆದ ಪುಟಗಳು ಸಿಗುವ ಸಂಭವವಿದೆ. ನನ್ನ ಸಲಹೆ ಇದು: ಜೊಂಡು ಕೀಳುವ ಮುನ್ನ ಆ ಪುಟಗಳನ್ನು ಮಕ್ಕಳೊಡನೆ ಓದಿ, ನಿಮ್ಮ ಊರಿನಲ್ಲಿ ಶಿಲುಬೆಯನ್ನು ಯಾವ ಹುಲ್ಲಿನಲ್ಲಿ, ಯಾವ ರೂಪದಲ್ಲಿ ಮಾಡುತ್ತಿದ್ದರೆಂದು ಹುಡುಕಿ, ಹಾಗೆಯೇ ಮಾಡಿಸಿ.

ಮನೆಯ ಹಿರಿಯರ ಮಾತಿನಲ್ಲಿ ನಾಡಿನ ಸಂಪತ್ತಿದೆ ಎಂಬ ಈ ನಂಬಿಕೆ ಐರ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಸಾಹಿತ್ಯ ಪುನರುಜ್ಜೀವನದಿಂದ ಬೆಳೆದು ಬಂದದ್ದು. ಆ ಪರಂಪರೆಯಲ್ಲಿ ಪಳಗಿದ, ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಕವಿ ಜೇಮ್ಸ್ ಕಸಿನ್ಸ್ 1924ರಲ್ಲಿ ಮೈಸೂರಿಗೆ ಬಂದಾಗ, ತಾನು ಬರೆದ ಇಂಗ್ಲಿಷ್ ಕವಿತೆಗಳನ್ನು ತೋರಿಸಲು ಹೋದ ವಿದ್ಯಾರ್ಥಿ ಪುಟ್ಟಪ್ಪನವರಿಗೆ ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಹೇಳಿದ್ದು ಕನ್ನಡಿಗರೆಲ್ಲ ಬಲ್ಲ ಪ್ರಸಂಗ. ಕುವೆಂಪು ಅವರ ಆ ದಿನವನ್ನು ನೆನೆಯುವಾಗ ಐರಿಷ್ ಜಾನಪದದ ಜೊತೆಗೆ ನಮಗೊಂದು ಹಳೆಯ ಋಣವಿದೆ ಎಂದು ನನಗೆ ಅನ್ನಿಸುವುದುಂಟು.

ಉಪನ್ಯಾಸದ ನಂತರ ಬಂದ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನು ಇಲ್ಲಿ ಸೇರಿಸುತ್ತೇನೆ. ಇದು ಕ್ರೈಸ್ತ ಚಿಹ್ನೆಯಲ್ಲವೇ, ನಮ್ಮ ಮನೆಯ ಬಾಗಿಲಿಗೆ ಹೇಗೆ ಕಟ್ಟುವುದು ಎಂದು ಒಬ್ಬರು ಕೇಳಿದರು. ಹೌದು, ಕ್ರೈಸ್ತ ಚಿಹ್ನೆಯೇ, ಅದನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ಈ ದೇಶದಲ್ಲಿ ಅದನ್ನು ಭಕ್ತಿಯಿಂದ ಕಟ್ಟುವವರೂ ಇದ್ದಾರೆ, ಹಳೆಯ ದೇವತೆಯ ನೆನಪಿಗೆ ಕಟ್ಟುವವರೂ ಇದ್ದಾರೆ, ಅಜ್ಜಿ ಕಟ್ಟುತ್ತಿದ್ದಳು ಎಂಬ ಕಾರಣಕ್ಕೆ ಕಟ್ಟುವವರೂ ಇದ್ದಾರೆ. ಬಾಗಿಲಿಗೆ ಕಟ್ಟಲು ಮನಸ್ಸು ಒಪ್ಪದಿದ್ದರೆ, ಹೆಣೆದದ್ದನ್ನು ಪಕ್ಕದ ಮನೆಯ ವೃದ್ಧರಿಗೆ ಕೊಟ್ಟು ಬರಲು ಮಗುವನ್ನು ಕಳುಹಿಸಿ. ಅವರ ಬಾಲ್ಯದ ಜನವರಿ 31 ಹೇಗಿತ್ತೆಂದು ಕೇಳಿಸಿಕೊಂಡು ಬರಲು ಅದು ಒಳ್ಳೆಯ ನೆಪ.

ಐದು ವರ್ಷದ ಮಗುವಿನ ಕೈಗೆ ಈ ಹೆಣಿಗೆ ಬಗ್ಗುವುದಿಲ್ಲವಲ್ಲ ಎಂಬುದು ಇನ್ನೊಂದು ಪ್ರಶ್ನೆ. ನಿಜ, ಏಳೆಂಟು ವರ್ಷಕ್ಕೆ ಮುನ್ನ ಅದು ಕಷ್ಟ. ಚಿಕ್ಕವರಿಗೆ ಪೈಪ್ ಕ್ಲೀನರ್ ಕೊಡುವುದಕ್ಕಿಂತ ಬ್ರೀಡೋಗ್ ಎಂಬ ಗೊಂಬೆಯನ್ನು ಮಾಡಿಸಬಹುದು. ಹುಲ್ಲಿನ ಕಂತೆಗೋ ಬೆಣ್ಣೆ ಕಡೆಯುವ ಕಡಗೋಲಿಗೋ ಹಳೆಯ ಬಟ್ಟೆ ಉಡಿಸಿ, ಅದನ್ನೇ ಬ್ರಿಜಿಡ್ ಎಂದು ಮಕ್ಕಳು ಮನೆಮನೆಗೆ ಹೊತ್ತು ಹಾಡಿ ಕುಣಿದು ಕಾಸನ್ನೋ ತಿಂಡಿಯನ್ನೋ ಪಡೆಯುತ್ತಿದ್ದರು. ಕೆರ್ರಿ ಕೌಂಟಿಯಲ್ಲಿ ದೊಡ್ಡವರು ಹುಲ್ಲಿನ ಟೋಪಿಯಿಂದ ಮುಖ ಮುಚ್ಚಿಕೊಂಡು ಇಂದಿಗೂ ಹೀಗೆ ಹೊರಡುತ್ತಾರೆ. ಅಡುಗೆಮನೆಯ ಮರದ ಸೌಟು, ಒಂದು ಹಿಡಿ ಒಣಹುಲ್ಲು, ಹರಿದ ಕರವಸ್ತ್ರ, ಎರಡು ತುಂಡು ದಾರ ಇದ್ದರೆ ಗೊಂಬೆ ಅರ್ಧ ಗಂಟೆಯಲ್ಲಿ ಸಿದ್ಧವಾಗುತ್ತದೆ. ಮುಖ ಬರೆಯುವ ಕೆಲಸವನ್ನು ಪೂರ್ತಿಯಾಗಿ ಮಗುವಿಗೇ ಬಿಡಿ.